ಹಳ್ಳಿಯ ಋಣ ದಂಡದಿಂದ ತೀರುವುದಿಲ್ಲ

ವೈದ್ಯಕೀಯ ಹಾಗೂ ನರ್ಸಿಂಗ್ ವಿದ್ಯಾರ್ಥಿಗಳು ತಮ್ಮ ವ್ಯಾಸಂಗದ ಅಂಗವಾಗಿ ಹಳ್ಳಿಗಳಿಗೆ ಬರುವುದು ಹೊಸ ಸಂಗತಿಯೇನಲ್ಲ. ಬಿಳಿಯ ಕೋಟು ತೊಟ್ಟ ಯುವಕ ಯುವತಿಯರ ತಂಡವೊಂದು ಪ್ರಾಥಮಿಕ ಆರೋಗ್ಯ ಕೇಂದ್ರದ ಮುಂದೆ ವಾಹನದಿಂದ ಇಳಿಯುತ್ತದೆ. ಕುಡಿಯುವ ನೀರು ಎಲ್ಲಿಯದು, ಮಕ್ಕಳೆಷ್ಟು, ಮನೆಯಲ್ಲಿ ಯಾರಿಗೆ ಸಕ್ಕರೆ ಕಾಯಿಲೆ, ಯಾರಿಗೆ ರಕ್ತದೊತ್ತಡ ಎಂದು ಮನೆಮನೆಗೂ ಹೋಗಿ ಕೇಳಿ ಬರೆದುಕೊಳ್ಳುತ್ತದೆ. ಮನೆಯವರು ಚಾಪೆ ಹಾಸಿ, ಬೆಲ್ಲ ನೀರು ಕೊಟ್ಟು, ಕೇಳಿದ್ದಕ್ಕೆಲ್ಲ ಉತ್ತರಿಸುತ್ತಾರೆ. ಕೆಲವು ವಾರಗಳ ನಂತರ ತಂಡ ಹೊರಟುಹೋಗುತ್ತದೆ. ಮರುವರ್ಷ ಮತ್ತೊಂದು ತಂಡ ಬರುತ್ತದೆ. ಹೀಗೆ ಬಂದು ಹೋದವರಲ್ಲಿ ಎಷ್ಟು ಮಂದಿ ಮುಂದೆ ವೈದ್ಯರಾಗಿಯೋ ದಾದಿಯರಾಗಿಯೋ ಇಂಥದೇ ಊರಿಗೆ ತಿರುಗಿ ಬಂದರು ಎಂಬ ಲೆಕ್ಕವನ್ನು ಯಾರಾದರೂ ಹಳ್ಳಿಗೆ ಒಪ್ಪಿಸಿದ್ದನ್ನು ಮಾತ್ರ ನಾವು ಕೇಳಿಲ್ಲ.

ಈ ಲೆಕ್ಕವನ್ನು ಕೇಳುವ ಹಕ್ಕು ಹಳ್ಳಿಗೆ ಇದೆಯೇ? ಇದೆ ಎಂಬುದೇ ಈ ಲೇಖನದ ನಿಲುವು. ಹಳ್ಳಿಯಲ್ಲಿ ಕಲಿತ ವಿದ್ಯೆ ಒಂದು ಋಣ. ಆ ಋಣವನ್ನು ವಸೂಲು ಮಾಡಲು ಸರ್ಕಾರವು ಬಾಂಡು, ದಂಡ, ಕಾನೂನು ಇತ್ಯಾದಿ ಹಲವು ಉಪಾಯಗಳನ್ನು ಹುಡುಕಿದೆ. ಆದರೆ ಋಣ ಬೇರೆ, ದಂಡ ಬೇರೆ. ಈ ಎರಡರ ನಡುವಿನ ವ್ಯತ್ಯಾಸವನ್ನು ಅರಿಯದಿದ್ದರೆ ಗ್ರಾಮೀಣ ತರಬೇತಿ ಎಂಬುದು ವಿದ್ಯಾರ್ಥಿಯ ದಿನಚರಿ ಪುಸ್ತಕದಲ್ಲಿ ಒಂದು ಸಹಿಯಾಗಿ ಮಾತ್ರ ಉಳಿದೀತು.

ಮಲೆನಾಡು ಎಂಬ ಪಾಠಶಾಲೆ

ಸಾಗರ, ಹೊಸನಗರ, ತೀರ್ಥಹಳ್ಳಿ, ಈ ಮೂರು ತಾಲ್ಲೂಕುಗಳ ನೆಲವನ್ನು ಬಲ್ಲವರಿಗೆ ಇಲ್ಲಿ ಆಸ್ಪತ್ರೆ ಎಂದರೇನು ಎಂಬುದನ್ನು ವಿವರಿಸಬೇಕಾಗಿಲ್ಲ. ಬಯಲುಸೀಮೆಯ ಊರುಗಳಂತೆ ಇಲ್ಲಿ ಮನೆಗಳು ಒಂದಕ್ಕೊಂದು ಅಂಟಿಕೊಂಡಿಲ್ಲ. ಗುಡ್ಡಕ್ಕೊಂದು, ತೋಟಕ್ಕೊಂದು ಮನೆ. ಗುಡ್ಡಗಾಡಿನಲ್ಲಿ 20,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, 3,000 ಜನರಿಗೆ ಒಂದು ಉಪಕೇಂದ್ರ ಇರಬೇಕೆಂಬುದು ಸರ್ಕಾರದ ಮಾನದಂಡ. ಬಯಲಿನಲ್ಲಿ ಇದು ಕ್ರಮವಾಗಿ 30,000 ಮತ್ತು 5,000. ಈ ವಿನಾಯಿತಿ ನ್ಯಾಯವಾದದ್ದೇ. ಆದರೂ ಜನಸಂಖ್ಯೆಯ ಅಂಕಿಯು ದೂರವನ್ನು ಹೇಳುವುದಿಲ್ಲ, ಮಳೆಯನ್ನು ಹೇಳುವುದಿಲ್ಲ, ರಾತ್ರಿಯನ್ನಂತೂ ಹೇಳುವುದೇ ಇಲ್ಲ.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಶರಾವತಿಯ ಹಿನ್ನೀರು ಹರಡಿಕೊಂಡ ಮೇಲೆ, ತುಮರಿ ಮತ್ತು ಅದರ ಸುತ್ತಿನ ಊರುಗಳ ಜನ ಸಾಗರಕ್ಕೆ ಬರಬೇಕಾದರೆ ಲಾಂಚನ್ನೇ ನಂಬಬೇಕಾಯಿತು. ಲಾಂಚು ನಿಂತ ಮೇಲೆ ಹೆರಿಗೆ ನೋವು ಬಂದರೆ, ಹಾವು ಕಚ್ಚಿದರೆ, ಬೆಳಗಾಗುವುದನ್ನು ಕಾಯುವುದು ಅಥವಾ ಕಾಡುದಾರಿಯಲ್ಲಿ ಬಹುದೂರ ಸುತ್ತುವುದು ಎಂಬೆರಡೇ ದಾರಿಗಳಿದ್ದವು. ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವಿನ ಸೇತುವೆ ಸಂಚಾರಕ್ಕೆ ತೆರೆದುಕೊಂಡದ್ದು 2025ರ ಜುಲೈಯಲ್ಲಿ. ಅಂದರೆ ಆರು ದಶಕಗಳ ನಂತರ. ತೀರ್ಥಹಳ್ಳಿಯ ಕಡೆಯವರಿಗೆ ದೊಡ್ಡ ಕಾಯಿಲೆ ಬಂದರೆ ಒಂದೋ ಶಿವಮೊಗ್ಗಕ್ಕೆ ಹೋಗಬೇಕು, ಇಲ್ಲವೇ ಆಗುಂಬೆ ಘಾಟಿ ಇಳಿದು ಮಣಿಪಾಲ ಸೇರಬೇಕು. ಆಗುಂಬೆಯ ಮುಂಗಾರಿನಲ್ಲಿ ಘಾಟಿ ಇಳಿಯುವುದೆಂದರೆ ಏನೆಂದು ಆಂಬುಲೆನ್ಸ್ ಚಾಲಕರನ್ನೇ ಕೇಳಬೇಕು.

ಇಂಥ ನೆಲಕ್ಕೆ ಬರುವ ವಿದ್ಯಾರ್ಥಿಗೆ ಇಲ್ಲಿ ಕೊರತೆಗಳು ಮಾತ್ರ ಕಾಣಿಸಿದರೆ ಅದು ಅವನ ತಪ್ಪಲ್ಲ. ಅವನನ್ನು ಕಳುಹಿಸಿದವರ ತಪ್ಪು. ಏಕೆಂದರೆ ನಗರದ ದೊಡ್ಡ ಆಸ್ಪತ್ರೆಯಲ್ಲಿ ಕಲಿಯಲಾಗದ ಪಾಠಗಳು ಇಲ್ಲಿ ಹೇರಳವಾಗಿವೆ.

ಮಂಗನ ಕಾಯಿಲೆಯನ್ನೇ ತೆಗೆದುಕೊಳ್ಳೋಣ. 1957ರಲ್ಲಿ ನೆರೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಬಳಿಕ ಜನರೂ ಜ್ವರದಿಂದ ನರಳಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ತಜ್ಞರು ಬಂದು ಕಾರಣವಾದ ವೈರಾಣುವನ್ನು ಗುರುತಿಸಿದರು. ಜಗತ್ತಿನ ವೈದ್ಯ ಗ್ರಂಥಗಳಲ್ಲೆಲ್ಲ ಆ ಕಾಡಿನ ಹೆಸರು ಇಂದಿಗೂ ಉಳಿದಿದೆ. ರೋಗವನ್ನು ಹರಡುವುದು ಕಾಡಿನ ಉಣುಗು. ಒಬ್ಬ ಮನುಷ್ಯನಿಂದ ಇನ್ನೊಬ್ಬನಿಗೆ ಅದು ಅಂಟುವುದಿಲ್ಲ. ಮಳೆ ನಿಂತು ಚಳಿ ಹಿಡಿದಾಗಿನಿಂದ ಬೇಸಿಗೆ ಮುಗಿಯುವವರೆಗೆ, ಸೊಪ್ಪು ತರಗು ತರಲು, ಸೌದೆ ಆರಿಸಲು, ದನ ಹುಡುಕಲು ಕಾಡಿಗೆ ಹೋದವರೇ ಅದಕ್ಕೆ ತುತ್ತಾಗುತ್ತಾರೆ. 2018ರ ಡಿಸೆಂಬರ್‌ನಿಂದ 2019ರ ಬೇಸಿಗೆಯವರೆಗೆ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಿನಲ್ಲಿ ಈ ಕಾಯಿಲೆ ಹಲವರ ಪ್ರಾಣವನ್ನು ತೆಗೆದುಕೊಂಡಿತು. ದಶಕಗಳಿಂದ ಕೊಡುತ್ತಿದ್ದ ಲಸಿಕೆಯ ಪರಿಣಾಮ ಸಾಲದೆಂದು ಕಂಡುಬಂದು 2022ರಲ್ಲಿ ಅದನ್ನೂ ನಿಲ್ಲಿಸಲಾಯಿತು. ಹಾಗಾದರೆ ಜನರನ್ನು ಕಾಪಾಡುವುದು ಯಾವುದು? ಮೈಗೆ ಹಚ್ಚುವ ಎಣ್ಣೆ, ಕಾಡಿನಿಂದ ಬಂದೊಡನೆ ಬಿಸಿನೀರಿನ ಸ್ನಾನ, ಜ್ವರ ಬಂದ ದಿನವೇ ರಕ್ತಪರೀಕ್ಷೆ, ಎಲ್ಲಕ್ಕಿಂತ ಮೊದಲು ಕಾಡಿನಲ್ಲಿ ಮಂಗ ಸತ್ತುಬಿದ್ದ ಸುದ್ದಿ ಆರೋಗ್ಯ ಕೇಂದ್ರಕ್ಕೆ ಮುಟ್ಟುವುದು. ಆ ಸುದ್ದಿಯನ್ನು ತರುವವನು ದನ ಕಾಯುವವನು. ಅದನ್ನು ಬರೆದುಕೊಂಡು ಮುಂದಕ್ಕೆ ತಲುಪಿಸುವವಳು ಆಶಾ ಕಾರ್ಯಕರ್ತೆ. ದನಗಾಹಿಯ ಮಾತಿಗೆ ಕಿವಿಗೊಡುವುದೂ ರೋಗವಿಜ್ಞಾನದ ಒಂದು ಭಾಗವೆಂದು ವಿದ್ಯಾರ್ಥಿಯು ಯಾವ ಪುಸ್ತಕದಿಂದ ಕಲಿತಾನು?

ಹಾವು ಕಡಿತದ ಪಾಠವೂ ಅಂಥದೇ. 2024ರಲ್ಲಿ ಕರ್ನಾಟಕ ಸರ್ಕಾರವು ಹಾವು ಕಡಿತದ ಪ್ರಕರಣಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ಆದೇಶಿಸಿತು. ನಮ್ಮ ದೇಶದ ಆಸ್ಪತ್ರೆಗಳಲ್ಲಿ ದೊರೆಯುವ ಪ್ರತಿವಿಷವನ್ನು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಎಂಬ ನಾಲ್ಕು ಹಾವುಗಳ ವಿಷಕ್ಕಾಗಿ ತಯಾರಿಸುತ್ತಾರೆ. ಪಶ್ಚಿಮ ಘಟ್ಟದ ತೋಟಗಳಲ್ಲಿ ಇವಲ್ಲದ ಬೇರೆ ಮಂಡಲದ ಹಾವುಗಳೂ ಇವೆ. ಅವುಗಳ ಕಡಿತಕ್ಕೆ ಈ ಔಷಧ ಫಲಿಸದು. ಆಗ ಬೇಕಾಗುವುದು ಔಷಧದ ಸೀಸೆಗಿಂತ ಹೆಚ್ಚಾಗಿ ವೈದ್ಯನ ಕಣ್ಣು, ಅನುಭವ, ತಾಳ್ಮೆ. ಹಾಗೆಯೇ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಮಳೆಯಲ್ಲಿ ಒದ್ದೆಯಾದ ಅಡಿಕೆ ಮರ ಹತ್ತಿ ಜಾರಿಬಿದ್ದು ಬೆನ್ನುಮೂಳೆ ಮುರಿದುಕೊಂಡವನನ್ನು ತೋಟದಿಂದ ರಸ್ತೆಗೆ ಹೇಗೆ ಹೊತ್ತು ತರಬೇಕು ಎಂಬುದು ಇಲ್ಲಿಯ ಪ್ರತಿಯೊಬ್ಬ ದಾದಿಯೂ ತಿಳಿದಿರಬೇಕಾದ ವಿದ್ಯೆ. ತಪ್ಪಾಗಿ ಎತ್ತಿದರೆ ಆ ಬಡವನು ಜೀವಮಾನವಿಡೀ ಹಾಸಿಗೆ ಹಿಡಿದಾನು.

ಹಂದಿಗೋಡಿನ ಜನ ಕೇಳಬಹುದಾದ ಪ್ರಶ್ನೆ

ಇಷ್ಟು ಹೇಳಿದ ಮೇಲೆ ನಾಣ್ಯದ ಇನ್ನೊಂದು ಮುಖವನ್ನೂ ನೋಡಬೇಕು. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1975ರಲ್ಲಿ ವಿಚಿತ್ರವಾದ ಕಾಯಿಲೆಯೊಂದು ಬೆಳಕಿಗೆ ಬಂದಿತು. ಸೊಂಟ ಮಂಡಿಗಳ ಕೀಲುಗಳಲ್ಲಿ ತೀವ್ರ ನೋವು, ಕ್ರಮೇಣ ನಡೆಯಲಾಗದ ಸ್ಥಿತಿ, ಕೆಲವರಲ್ಲಿ ಕುಬ್ಜತೆ. ನರಳಿದವರಲ್ಲಿ ಹೆಚ್ಚಿನವರು ದಲಿತ ಕೃಷಿಕಾರ್ಮಿಕರು. ಗದ್ದೆಗೆ ಹೊಡೆದ ಕೀಟನಾಶಕ ಕಾರಣವಿರಬಹುದೇ, ಅವರು ತಿನ್ನುವ ಏಡಿ ಕಾರಣವಿರಬಹುದೇ ಎಂಬ ಶಂಕೆಗಳು ಎದ್ದವು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯೂ ಸೇರಿದಂತೆ ಹಲವು ಸಂಸ್ಥೆಗಳ ತಜ್ಞರು ಬಂದು ಪರೀಕ್ಷಿಸಿದರು. ಇದು ವಂಶಪಾರಂಪರ್ಯವಾಗಿ ಬರುವ ಮೂಳೆಯ ರೋಗವೆಂಬ ನಿರ್ಣಯಕ್ಕೆ ಬರಲಾಯಿತು. ವೈದ್ಯಶಾಸ್ತ್ರದಲ್ಲಿ ಆ ಊರಿನ ಹೆಸರೇ ಕಾಯಿಲೆಗೂ ಆಯಿತು.

ರಕ್ತ ಕೊಟ್ಟವರು, ಎಕ್ಸ್‌ರೇ ಯಂತ್ರದ ಮುಂದೆ ನಿಂತವರು, ತಮ್ಮ ವಂಶಾವಳಿಯನ್ನು ಹೇಳಿ ಬರೆಸಿದವರು ಆ ಬಡವರು. ಕಾಯಿಲೆಯನ್ನು ಬೇರುಸಹಿತ ಕೀಳುವ ಔಷಧ ಮಾತ್ರ ಅವರಿಗೆ ದೊರೆಯಲಿಲ್ಲ. ವಿಜ್ಞಾನದ ಮಿತಿಯನ್ನು ನಾವು ಬಲ್ಲೆವು. ಸಂಶೋಧಕರನ್ನು ದೂರುವುದು ನಮ್ಮ ಉದ್ದೇಶವಲ್ಲ. ಆದರೆ "ನಮ್ಮ ಮೈಯನ್ನು ನೋಡಿ ಇಷ್ಟೊಂದು ಜನ ಇಷ್ಟೊಂದು ಕಲಿತರು, ನೋವು ಹೆಚ್ಚಾದ ರಾತ್ರಿ ಬಾಗಿಲಿಗೆ ಬರುವವರು ಯಾರು?" ಎಂದು ಅಲ್ಲಿಯವರು ಕೇಳಿದರೆ ನಾವು ಏನೆಂದು ಉತ್ತರಿಸೋಣ?

ಮನುಷ್ಯನನ್ನು ಎಂದಿಗೂ ಕೇವಲ ಸಾಧನವಾಗಿ ಬಳಸಬಾರದು ಎಂಬುದು ಜರ್ಮನಿಯ ತತ್ತ್ವಜ್ಞಾನಿ ಕಾಂಟನ ನೀತಿವಿಚಾರದ ತಿರುಳು. 'ಕೇವಲ' ಎಂಬ ಮಾತಿನಲ್ಲಿಯೇ ಎಲ್ಲವೂ ಇದೆ. ವಿದ್ಯಾರ್ಥಿಯು ರೋಗಿಯಿಂದ ಕಲಿಯುವುದು ತಪ್ಪಲ್ಲ. ಕಲಿಯದೆ ವೈದ್ಯನಾಗುವುದು ಸಾಧ್ಯವೂ ಇಲ್ಲ. ಆದರೆ ಕಲಿತಾದ ಮೇಲೆ ರೋಗಿಯ ನೆನಪೇ ಇಲ್ಲದಿದ್ದರೆ, ಆ ಕಲಿಕೆಯಿಂದ ಅವನ ಊರಿಗೆ, ಅಂಥ ಇನ್ನೊಂದು ಊರಿಗಾದರೂ ಏನೂ ದೊರೆಯದಿದ್ದರೆ, ಆಗ ರೋಗಿಯು ಕೇವಲ ಸಾಧನವಾದಂತೆಯೇ ಸರಿ. ಹತ್ತಿದ ಏಣಿಯನ್ನು ಒದ್ದಂತೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದುದು ಇದನ್ನೇ.

ಕಾನೂನು ಮಾಡಿದ್ದು, ಮಾಡಲಾಗದ್ದು

ವೈದ್ಯ ಶಿಕ್ಷಣವನ್ನು ಹಳ್ಳಿಗೆ ಹತ್ತಿರ ತರುವ ಪ್ರಯತ್ನಗಳು ಸ್ವಾತಂತ್ರ್ಯಕ್ಕಿಂತಲೂ ಹಳೆಯವು. 1946ರ ಭೋರ್ ಸಮಿತಿಯ ವರದಿಯು ವೈದ್ಯನು ಸಮಾಜದ ವೈದ್ಯನೂ ಆಗಬೇಕೆಂದು ಹೇಳಿ, ಅದಕ್ಕಾಗಿ ಮೂರು ತಿಂಗಳ ತರಬೇತಿಯನ್ನು ಸೂಚಿಸಿತು. 1977ರಲ್ಲಿ ಪ್ರತಿ ವೈದ್ಯಕೀಯ ಕಾಲೇಜಿಗೂ ಮೂರು ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಜೋಡಿಸುವ ಯೋಜನೆ ಬಂದಿತು. 2020ರ ನಿಯಮದಂತೆ ಸ್ನಾತಕೋತ್ತರ ವಿದ್ಯಾರ್ಥಿಗಳು ಮೂರು ತಿಂಗಳು ಜಿಲ್ಲಾ ಮಟ್ಟದ ಆಸ್ಪತ್ರೆಯಲ್ಲಿ ದುಡಿಯಬೇಕು. 2021ರ ನಿಯಮದಂತೆ ಎಂ.ಬಿ.ಬಿ.ಎಸ್. ಮುಗಿಸಿದವರ ಒಂದು ವರ್ಷದ ಇಂಟರ್ನ್‌ಶಿಪ್‌ನಲ್ಲಿ 12 ವಾರಗಳು ಸಮುದಾಯ ವೈದ್ಯಶಾಸ್ತ್ರಕ್ಕೆ ಮೀಸಲು. ಮೊದಲ ವರ್ಷದಿಂದಲೇ ಪ್ರತಿ ವಿದ್ಯಾರ್ಥಿಯೂ ಹಳ್ಳಿಯ ಕೆಲವು ಕುಟುಂಬಗಳನ್ನು 'ದತ್ತು' ಪಡೆದು ಅವರ ಆರೋಗ್ಯವನ್ನು ಗಮನಿಸುತ್ತಿರಬೇಕೆಂಬ ಕ್ರಮವೂ ಈಗ ಜಾರಿಯಲ್ಲಿದೆ. ಕಾಗದದ ಮೇಲೆ ಇವೆಲ್ಲ ಚೆನ್ನಾಗಿಯೇ ಇವೆ.

ನಮ್ಮ ರಾಜ್ಯವು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ವೈದ್ಯಕೀಯ ಕೋರ್ಸು ಪೂರೈಸಿದವರಿಗೆ ಒಂದು ವರ್ಷದ ಕಡ್ಡಾಯ ಸೇವೆಯನ್ನು ವಿಧಿಸುವ ಕಾಯಿದೆಯನ್ನು 2012ರಲ್ಲಿ ರಚಿಸಿತು. ಅದು ಜಾರಿಗೆ ಬಂದದ್ದು 2015ರಲ್ಲಿ. ತಪ್ಪಿದವರಿಗೆ ಲಕ್ಷಗಟ್ಟಲೆ ರೂಪಾಯಿಗಳ ದಂಡ. ಇಂಥ ಬಾಂಡುಗಳನ್ನು ಪ್ರಶ್ನಿಸಿ ಹಲವು ರಾಜ್ಯಗಳ ವೈದ್ಯರು ನ್ಯಾಯಾಲಯದ ಮೆಟ್ಟಿಲೇರಿದರು. ಸಾರ್ವಜನಿಕರ ಹಣದಲ್ಲಿ ಉನ್ನತ ವೈದ್ಯ ಶಿಕ್ಷಣ ಪಡೆದವರಿಂದ ಸೇವೆಯನ್ನು ಕೇಳುವುದು ತಪ್ಪಲ್ಲವೆಂದು 2019ರ ಆಗಸ್ಟ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಆದರೆ ಕರ್ನಾಟಕದಲ್ಲಿ ವಿಚಿತ್ರವೊಂದು ಸಂಭವಿಸಿತು. ಕಾಲೇಜುಗಳಿಂದ ಹೊರಬರುವ ವೈದ್ಯರೆಲ್ಲರಿಗೂ ಕೊಡುವಷ್ಟು ಹುದ್ದೆಗಳೇ ಸರ್ಕಾರದಲ್ಲಿರಲಿಲ್ಲ! 2023ರಲ್ಲಿ ಕಾಯಿದೆಯನ್ನು ತಿದ್ದಿ, ಖಾಲಿ ಇರುವ ಹುದ್ದೆಗಳ ಅಗತ್ಯಕ್ಕೆ ತಕ್ಕಂತೆ ಮಾತ್ರ ಸೇವೆಗೆ ಕರೆಯುವ ದಾರಿಯನ್ನು ಹಿಡಿಯಬೇಕಾಯಿತು.

ಇದರಿಂದ ಕಲಿಯಬೇಕಾದ ಪಾಠವೇನು? ಕಾಯಿದೆಯು ವೈದ್ಯನನ್ನು ಹಳ್ಳಿಗೆ ಕಳುಹಿಸಬಲ್ಲದು, ಹಳ್ಳಿಯಲ್ಲಿ ಉಳಿಸಿಕೊಳ್ಳಲಾರದು. ದಂಡಕ್ಕೆ ಹೆದರಿ ಬಂದವನು ಮೊದಲ ದಿನದಿಂದಲೇ ದಿನ ಎಣಿಸುತ್ತಾನೆ. ದಂಡ ತೆರುವ ಶಕ್ತಿಯುಳ್ಳವನು ತೆತ್ತು ಹೋಗಿಯೇ ಬಿಡುತ್ತಾನೆ. ಹಾಗಾದಾಗ ಹಳ್ಳಿಯಲ್ಲಿ ಉಳಿಯುವವನು ದಂಡ ಕಟ್ಟಲಾಗದ ಬಡವನ ಮಗ. ಇದು ಸೇವೆಗೂ ಗೌರವವಲ್ಲ, ಹಳ್ಳಿಗೂ ಗೌರವವಲ್ಲ. ನಮ್ಮ ನುಡಿಯಲ್ಲಿ ಋಣ ಎಂಬುದಕ್ಕೆ ಸಾಲ ಎಂಬುದಕ್ಕಿಂತ ಹಿರಿದಾದ ಅರ್ಥವಿದೆ. ಸಾಲವನ್ನು ಹಣದಿಂದ ತೀರಿಸಬಹುದು. ಅನ್ನದ ಋಣ, ನೀರಿನ ಋಣ, ವಿದ್ಯೆಯ ಋಣ ಇವು ಬಾಳಿನಿಂದ ತೀರಬೇಕಾದವು.

ತಿರುಗಿ ಬರುವವರು ಯಾರು?

ಹಾಗಾದರೆ ವಿದ್ಯಾರ್ಥಿದೆಸೆಯ ಗ್ರಾಮವಾಸಕ್ಕೂ ಮುಂದಿನ ವೃತ್ತಿಜೀವನಕ್ಕೂ ಸಂಬಂಧವೇ ಇಲ್ಲವೇ? ಇದೆ. ವಿಶ್ವ ಆರೋಗ್ಯ ಸಂಸ್ಥೆಯು 2010ರಲ್ಲಿ, ಬಳಿಕ ಪರಿಷ್ಕರಿಸಿ 2021ರಲ್ಲಿ ಹೊರಡಿಸಿದ ಶಿಫಾರಸುಗಳಲ್ಲಿ ಇದು ಸ್ಪಷ್ಟವಾಗಿದೆ. ಗ್ರಾಮೀಣ ಹಿನ್ನೆಲೆಯವರನ್ನು ಆರಿಸಿಕೊಳ್ಳಿರಿ, ಕಾಲೇಜುಗಳನ್ನು ರಾಜಧಾನಿಯಿಂದ ಹೊರಗೆ ಕಟ್ಟಿರಿ, ವ್ಯಾಸಂಗದ ಕಾಲದಲ್ಲಿಯೇ ಹಳ್ಳಿಯ ಅನುಭವ ಕೊಡಿರಿ, ಬಳಿಕ ಅಲ್ಲಿ ನಿಲ್ಲಲು ವಸತಿ, ವೇತನ, ಬಡ್ತಿಗಳ ಆಸರೆ ನೀಡಿರಿ ಎಂಬುದು ಅವುಗಳ ಸಾರಾಂಶ. ಈ ಅಂಶಗಳು ಒಂದು ಸರಪಳಿಯ ಕೊಂಡಿಗಳು. ಒಂದನ್ನು ಕಳಚಿದರೆ ಉಳಿದವು ನಿಲ್ಲವು.

ಜಪಾನಿನಲ್ಲಿ 1972ರಲ್ಲಿ ಸ್ಥಾಪನೆಯಾದ ಜಿಚಿ ವೈದ್ಯಕೀಯ ವಿಶ್ವವಿದ್ಯಾಲಯವು ದೇಶದ ಪ್ರತಿಯೊಂದು ಪ್ರಾಂತದಿಂದ ಎರಡು ಮೂರು ವಿದ್ಯಾರ್ಥಿಗಳನ್ನು ಆರಿಸಿಕೊಳ್ಳುತ್ತದೆ. ಸುಮಾರು ಒಂಬತ್ತು ವರ್ಷ ತಮ್ಮದೇ ಪ್ರಾಂತದಲ್ಲಿ, ಹಳ್ಳಿಗಾಡುಗಳನ್ನೂ ಒಳಗೊಂಡು, ಸೇವೆ ಸಲ್ಲಿಸಿದರೆ ಅವರ ಶುಲ್ಕ ಮನ್ನಾ ಆಗುತ್ತದೆ. ಅವಧಿ ಮುಗಿದ ಮೇಲೂ ಬಹುಪಾಲು ಮಂದಿ ತಮ್ಮ ಪ್ರಾಂತದಲ್ಲಿಯೇ ನೆಲೆಸಿದ್ದಾರೆ. ಆಸ್ಟ್ರೇಲಿಯದ ಫ್ಲಿಂಡರ್ಸ್ ವಿಶ್ವವಿದ್ಯಾಲಯವು 1997ರಲ್ಲಿ ಕೆಲವು ವಿದ್ಯಾರ್ಥಿಗಳನ್ನು ಕೆಲವು ವಾರಗಳಿಗಲ್ಲ, ಒಂದು ಇಡೀ ವರ್ಷಕ್ಕೆ ಗ್ರಾಮಾಂತರದ ವೈದ್ಯರ ಬಳಿ ಕಲಿಯಲು ಬಿಟ್ಟಿತು. ಅವರು ಪರೀಕ್ಷೆಯಲ್ಲಿ ನಗರದ ಸಹಪಾಠಿಗಳಿಗಿಂತ ಹಿಂದೆ ಬೀಳಲಿಲ್ಲ. ಮುಂದೆ ಗ್ರಾಮಾಂತರದಲ್ಲಿ ವೃತ್ತಿ ಹಿಡಿಯುವ ಒಲವೂ ಅವರಲ್ಲಿ ಹೆಚ್ಚಾಗಿಯೇ ಕಂಡಿತು.

ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು. ಹಳ್ಳಿಗೆ ಹೋಗಲು ಮೊದಲೇ ಮನಸ್ಸಿದ್ದವರೇ ಇಂಥ ತರಬೇತಿಯನ್ನು ಆರಿಸಿಕೊಂಡಿರಬಹುದು. ಆದ್ದರಿಂದ ಮುಂದಿನ ಫಲಕ್ಕೆ ತರಬೇತಿಯೇ ಕಾರಣವೆಂದು ಹೇಗೆ ಹೇಳುವುದು? ಆಕ್ಷೇಪದಲ್ಲಿ ಹುರುಳಿದೆ. ಆದರೆ ಮನಸ್ಸು ಎಂಬುದು ಹುಟ್ಟಿನೊಡನೆ ಸಿದ್ಧವಾಗಿ ಬರುವ ವಸ್ತುವಲ್ಲ. ನ್ಯಾಯದ ಕೆಲಸಗಳನ್ನು ಮಾಡುತ್ತ ಮಾಡುತ್ತಲೇ ಮನುಷ್ಯನು ನ್ಯಾಯವಂತನಾಗುತ್ತಾನೆ ಎಂಬುದು ಅರಿಸ್ಟಾಟಲನ ವಿಚಾರ, ಸದ್ಗುಣವೆಂದರೆ ಅಭ್ಯಾಸ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ನಮ್ಮ ಗಾದೆಯೂ ಅದನ್ನೇ ಹೇಳುತ್ತದೆ. ಎರಡು ವಾರ ವಾಹನದಲ್ಲಿ ಬಂದು ಸಂಜೆ ಹಿಂತಿರುಗುವವನಿಗೆ ಅಭ್ಯಾಸವಾಗುವುದು ಪ್ರಯಾಣ ಮಾತ್ರ.

ನಮ್ಮ ನಾಡಿನಲ್ಲಿಯೇ ಇದಕ್ಕೆ ನಿದರ್ಶನಗಳಿವೆ. ಬೆಂಗಳೂರಿನಲ್ಲಿ ವೈದ್ಯಶಾಸ್ತ್ರ ಕಲಿತ ಡಾ. ಎಚ್. ಸುದರ್ಶನ್ ಅವರು 1980ರ ಸುಮಾರಿಗೆ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿ ಸೋಲಿಗರ ನಡುವೆ ನೆಲೆಸಿದರು. ಅಲ್ಲಿಯ ಹೆಣ್ಣುಮಕ್ಕಳಿಗೇ ದಾದಿಯ ತರಬೇತಿ ಕೊಡಿಸಿ, ಆರೋಗ್ಯದ ಹೊಣೆಯನ್ನು ಸಮುದಾಯದ ಕೈಗೇ ಕೊಟ್ಟದ್ದು ಅವರ ಕೆಲಸದ ಹಿರಿಮೆ. 1984ರಲ್ಲಿ ಮೈಸೂರು ವೈದ್ಯಕೀಯ ಕಾಲೇಜಿನ ಕೆಲವು ವಿದ್ಯಾರ್ಥಿಗಳು, ಇನ್ನೂ ಓದುತ್ತಿರುವಾಗಲೇ, ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಎಂಬ ಸಂಘವನ್ನು ಕಟ್ಟಿದರು. ಅದು ಹೆಗ್ಗಡದೇವನಕೋಟೆಯ ಕಾಡಂಚಿನ ಜನರ ಆಸ್ಪತ್ರೆಯಾಗಿ, ಶಾಲೆಯಾಗಿ ಬೆಳೆಯಿತು. ಭಾರತದ ಕಥೋಲಿಕ ಧರ್ಮಾಧ್ಯಕ್ಷರು 1963ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಸಂತ ಜಾನರ ವೈದ್ಯಕೀಯ ಕಾಲೇಜು ಕೂಡ ತನ್ನ ಪದವೀಧರರಿಗೆ ಹಿಂದುಳಿದ ಪ್ರದೇಶಗಳ ಆಸ್ಪತ್ರೆಗಳಲ್ಲಿ ಸೇವೆ ಸಲ್ಲಿಸುವ ಕಟ್ಟಳೆಯನ್ನು ಹಾಕಿಕೊಂಡಿತು. ಇವರೆಲ್ಲರೂ ತೋರಿಸಿದ್ದು ಒಂದೇ: ಹಳ್ಳಿಯಲ್ಲಿ ತನಗೊಂದು ಕೆಲಸವಿದೆ, ಅದು ತನ್ನ ವಿದ್ಯೆಗೆ ತಕ್ಕ ಕೆಲಸ ಎಂಬ ನಂಬಿಕೆ ಹುಟ್ಟಿದರೆ ಯುವಕರು ಬರುತ್ತಾರೆ.

ಬರಲಾರದವರ ಅಳಲು

ಬರದವರನ್ನೆಲ್ಲ ಸ್ವಾರ್ಥಿಗಳೆಂದು ಜರೆಯುವುದು ಸುಲಭ, ಅದು ನ್ಯಾಯವಲ್ಲ. ಬೀಗ ಹಾಕಿದ ಅಥವಾ ಸೋರುವ ವಸತಿಗೃಹ, ರಾತ್ರಿ ಪಾಳಿಯಲ್ಲಿ ಒಬ್ಬಳೇ ಇರಬೇಕಾದ ಯುವ ವೈದ್ಯೆ, ತಡವಾಗುವ ಸಂಬಳ, ಪ್ರಯೋಗಾಲಯವಿಲ್ಲದ ಕೇಂದ್ರ, ರೋಗಿ ಸತ್ತರೆ ವೈದ್ಯನ ಮೇಲೆ ಕೈ ಮಾಡುವ ಜನ, ಇವು ಕಲ್ಪನೆಯ ಭಯಗಳಲ್ಲ. ಇನ್ನು ಖಾಸಗಿ ಕಾಲೇಜಿನ ಸೀಟಿಗಾಗಿ ತೋಟವನ್ನು ಅಡವಿಟ್ಟ ತಂದೆಯ ಮಗನಿಗೆ ಬ್ಯಾಂಕಿನ ಕಂತು ಹಳ್ಳಿಯಲ್ಲಿ ನಿಲ್ಲಲು ಬಿಟ್ಟೀತೇ? ಸೀಟಿಗೆ ಬೆಲೆ ಕಟ್ಟಿದ ಸಮಾಜವು ಸೇವೆಗೆ ಬೆಲೆ ಕಟ್ಟಬೇಡ ಎಂದು ಉಪದೇಶಿಸಿದರೆ ಅದು ಯಾರ ಕಿವಿಗೂ ಬೀಳದು.

ದಾದಿಯರ ವಿಷಯವನ್ನು ಪ್ರತ್ಯೇಕವಾಗಿ ಹೇಳಲೇಬೇಕು. ಗ್ರಾಮೀಣ ಆರೋಗ್ಯದ ಚರ್ಚೆಯೆಲ್ಲ ವೈದ್ಯರ ಸುತ್ತಲೇ ಸುತ್ತುತ್ತದೆ. ಆದರೆ ಹಳ್ಳಿಯ ಬಾಣಂತಿಯ ಮನೆಬಾಗಿಲಿಗೆ ಬರುವವಳು ನರ್ಸಮ್ಮ. 2018ರಿಂದೀಚೆಗೆ ಉಪಕೇಂದ್ರಗಳಲ್ಲಿ ನರ್ಸಿಂಗ್ ಪದವೀಧರರನ್ನು ಸಮುದಾಯ ಆರೋಗ್ಯ ಅಧಿಕಾರಿಗಳನ್ನಾಗಿ ನೇಮಿಸಲಾಗುತ್ತಿದೆ. ಹಳ್ಳಿಯಲ್ಲಿ ಕಲಿತ ದಾದಿಗೆ ಹಳ್ಳಿಯಲ್ಲಿಯೇ ಗೌರವದ ಹುದ್ದೆ ಎಂಬ ಕನಸಿಗೆ ಇದು ಅತ್ಯಂತ ಸಮೀಪದ ದಾರಿ. ಆದರೆ ಈ ನೇಮಕ ಗುತ್ತಿಗೆಯ ಮೇಲೆ ನಡೆಯುತ್ತಿರುವವರೆಗೆ, ನಮ್ಮ ಮಲೆನಾಡಿನ ಹೆಣ್ಣುಮಕ್ಕಳು ಮಂಗಳೂರು ಬೆಂಗಳೂರುಗಳಲ್ಲಿ ಕಲಿತು ಕೊಲ್ಲಿ ರಾಷ್ಟ್ರಗಳಿಗೋ ಯೂರೋಪಿಗೋ ಹೋಗುವುದನ್ನು ತಪ್ಪೆನ್ನಲು ನಮಗೆ ಬಾಯಿಲ್ಲ. ಅವರು ಕಳುಹಿಸಿದ ಹಣದಿಂದ ಎಷ್ಟೋ ಮನೆಗಳ ಹಂಚು ಹೊಸದಾಗಿದೆ, ತಮ್ಮಂದಿರ ಓದು ಮುಂದುವರಿದಿದೆ. ಆದರೆ ಅವರಲ್ಲಿ ಕೆಲವರಾದರೂ ಇಲ್ಲಿ ಉಳಿಯುವಂಥ ದಾರಿಯನ್ನು ನಾವು ತೆರೆದಿಟ್ಟಿದ್ದೇವೆಯೇ ಎಂಬುದು ಪ್ರಶ್ನೆ.

ಏನು ಮಾಡಬಹುದು?

ಈ ಮೂರು ತಾಲ್ಲೂಕುಗಳನ್ನು ಕಣ್ಣ ಮುಂದಿಟ್ಟುಕೊಂಡು ಕೆಲವು ಮಾತುಗಳನ್ನು ವಾಚಕರ ಚಿಂತನೆಗೆ ಒಪ್ಪಿಸುತ್ತೇವೆ.

ಮೊದಲನೆಯದು, ತರಬೇತಿಯ ಅವಧಿಯನ್ನು ಚೂರುಚೂರಾಗಿ ಹಂಚದೆ, ವಿದ್ಯಾರ್ಥಿಯು ಒಂದೇ ಕಡೆ ಬಿಡುವಿಲ್ಲದೆ ನೆಲೆಸುವಂತೆ ಮಾಡಬೇಕು. ಮಂಗನ ಕಾಯಿಲೆಯ ಬೇಸಿಗೆಯನ್ನಾಗಲಿ, ಆಗುಂಬೆಯ ಮಳೆಗಾಲವನ್ನಾಗಲಿ ಇಡಿಯಾಗಿ ಕಂಡವನಿಗೆ ಮಾತ್ರ ಈ ನೆಲ ಅರ್ಥವಾಗುತ್ತದೆ. ಶಿವಮೊಗ್ಗದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಸಾಗರದಲ್ಲಿ ಉಪವಿಭಾಗ ಆಸ್ಪತ್ರೆಯಿದೆ. ಹೊಸನಗರ, ತೀರ್ಥಹಳ್ಳಿಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. ಇವನ್ನು ಹೆಸರಿಗೆ ಮಾತ್ರವಲ್ಲದೆ ನಿಜವಾಗಿಯೂ ಬೋಧನೆಯ ಸ್ಥಳಗಳನ್ನಾಗಿ ಮಾಡಬಹುದು.

ಎರಡನೆಯದು, ಹಳ್ಳಿಯಲ್ಲಿ ಕಲಿಸುವವರನ್ನು ಗುರುಗಳೆಂದು ಒಪ್ಪಿಕೊಳ್ಳಬೇಕು. ಹತ್ತಾರು ವರ್ಷ ಒಂದೇ ಕೇಂದ್ರದಲ್ಲಿ ದುಡಿದ ವೈದ್ಯಾಧಿಕಾರಿ, ಕತ್ತಲೆಯಲ್ಲಿ ಹೆರಿಗೆ ಮಾಡಿಸಿದ ಹಿರಿಯ ದಾದಿ, ಮನೆಮನೆಯ ಕಷ್ಟ ಬಲ್ಲ ಆಶಾ ಕಾರ್ಯಕರ್ತೆ ಇವರಿಗೆ ಬೋಧಕರ ಸ್ಥಾನವನ್ನೂ ಅದಕ್ಕೆ ತಕ್ಕ ಗೌರವಧನವನ್ನೂ ಕಾಲೇಜುಗಳು ಕೊಡಲಿ. ವಿದ್ಯಾರ್ಥಿಯು ತನ್ನ ಮುಂದಿನ ಬಾಳನ್ನು ಕಲ್ಪಿಸಿಕೊಳ್ಳುವುದು ತಾನು ಮೆಚ್ಚಿದ ಗುರುವನ್ನು ನೋಡಿ. ಹಳ್ಳಿಯ ವೈದ್ಯನು ಬೇಸತ್ತವನಾಗಿ, ಯಾರೂ ಲೆಕ್ಕಿಸದವನಾಗಿ ಕಂಡರೆ ಯಾವ ವಿದ್ಯಾರ್ಥಿ ತಾನೂ ಹಾಗಾಗಲು ಬಯಸಿಯಾನು?

ಮೂರನೆಯದು, ಆಯ್ಕೆ. ಹತ್ತನೆಯ ತರಗತಿಯವರೆಗೆ ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ ನಮ್ಮ ರಾಜ್ಯದ ವೃತ್ತಿಶಿಕ್ಷಣದಲ್ಲಿ ಶೇಕಡಾ 15ರ ಮೀಸಲಾತಿಯಿದೆ, ಕನ್ನಡ ಮಾಧ್ಯಮದವರಿಗೆ ಶೇಕಡಾ 5ರಷ್ಟಿದೆ. ಹಳ್ಳಿಯ ಹೆಸರಿನಲ್ಲಿ ಸೀಟು ಪಡೆದವರನ್ನು ತರಬೇತಿಗಾಗಿ ಅವರ ಸ್ವಂತ ತಾಲ್ಲೂಕಿಗೇ ಕಳುಹಿಸುವ, ಮುಂದೆ ಅಲ್ಲಿಯೇ ಹುದ್ದೆಯ ಭರವಸೆ ನೀಡುವ ವ್ಯವಸ್ಥೆಯೊಂದಿದ್ದರೆ, ಆ ಮೀಸಲಾತಿಯ ಉದ್ದೇಶವೂ ಪೂರ್ಣವಾದೀತು.

ನಾಲ್ಕನೆಯದು ನಮ್ಮ ನಿಮ್ಮ ಕೈಯಲ್ಲಿರುವುದು. ಬಂದ ವಿದ್ಯಾರ್ಥಿನಿಯರಿಗೆ ಭದ್ರವಾದ ವಸತಿ, ಊಟ, ರಾತ್ರಿಯ ಹೊತ್ತು ಜೊತೆ ಇವುಗಳಿಗೆ ಸರ್ಕಾರದ ಆದೇಶವನ್ನೇ ಕಾಯಬೇಕಾಗಿಲ್ಲ. ಗ್ರಾಮ ಪಂಚಾಯಿತಿ, ಸಹಕಾರಿ ಸಂಘ, ಮಹಿಳಾ ಮಂಡಳಿ, ಶಾಲೆ ಕಾನ್ವೆಂಟುಗಳನ್ನು ನಡೆಸುತ್ತಿರುವ ನಮ್ಮ ಸಂಸ್ಥೆಗಳು ಮನಸ್ಸು ಮಾಡಿದರೆ ಸಾಕು. ಪರವೂರಿನಿಂದ ಬಂದ ಹುಡುಗಿಗೆ ಮಲೆನಾಡಿನ ನಾಲ್ಕು ಮಾತು ಕಲಿಸಿದರೆ ಅವಳಿಗೆ ರೋಗಿಯ ಅರ್ಧ ಕಾಯಿಲೆ ಅರ್ಥವಾದಂತೆ. ಅಂತೆಯೇ ವೈದ್ಯರ ಮೇಲೆ ಕೈಯೆತ್ತುವುದು ತನ್ನ ಮುಂದಿನ ರೋಗಿಗೆ ತಾನೇ ಬಾಗಿಲು ಮುಚ್ಚಿದಂತೆ ಎಂಬುದನ್ನು ಪ್ರತಿ ಊರೂ ಅರಿಯಬೇಕು.

ಕೊನೆಯದು, ಲೆಕ್ಕ. ತರಬೇತಿ ಮುಗಿದ ದಿನ ವಿದ್ಯಾರ್ಥಿಗಳು ತಾವು ಕಂಡದ್ದನ್ನು ಗ್ರಾಮಸಭೆಯ ಮುಂದೆ ಕನ್ನಡದಲ್ಲಿ ಒಪ್ಪಿಸಲಿ: ಇಷ್ಟು ಜನರಲ್ಲಿ ರಕ್ತಹೀನತೆ ಕಂಡೆವು, ಇಂಥ ಬಾವಿಯ ನೀರು ಕೆಟ್ಟಿದೆ, ಇದಕ್ಕೆ ಹೀಗೆ ಮಾಡಬಹುದು ಎಂದು. ಕಾಲೇಜುಗಳು ಐದು ವರ್ಷಕ್ಕೊಮ್ಮೆ, ಹತ್ತು ವರ್ಷಕ್ಕೊಮ್ಮೆ, ತಮ್ಮ ವಿದ್ಯಾರ್ಥಿಗಳು ಎಲ್ಲಿ ದುಡಿಯುತ್ತಿದ್ದಾರೆಂಬ ಪಟ್ಟಿಯನ್ನು ಪ್ರಕಟಿಸಲಿ. ರ್‍ಯಾಂಕುಗಳನ್ನು ಜಾಹೀರಾತಿನಲ್ಲಿ ಹಾಕುವ ಕಾಲೇಜು, ತನ್ನಲ್ಲಿ ಕಲಿತವರಲ್ಲಿ ಎಷ್ಟು ಮಂದಿ ತಾಲ್ಲೂಕು ಕ್ಷೇತ್ರಗಳಲ್ಲಿದ್ದಾರೆ ಎಂಬುದನ್ನೂ ಹಾಕಲಿ. ಯಾವ ಸಂಸ್ಥೆ ಯಾವುದನ್ನು ಎಣಿಸುತ್ತದೆ ಎಂಬುದರಿಂದಲೇ ಅದು ಯಾವುದನ್ನು ಮಾನ್ಯ ಮಾಡುತ್ತದೆ ಎಂಬುದು ತಿಳಿಯುತ್ತದೆ.

ಎಲ್ಲ ವಿದ್ಯಾರ್ಥಿಗಳೂ ಹಳ್ಳಿಯಲ್ಲಿಯೇ ನೆಲೆಸಬೇಕೆಂದು ಯಾರೂ ಹೇಳಲಾರರು. ನಗರಕ್ಕೆ ಹೋದವನು ಮುಂದೊಂದು ದಿನ ಸಾಗರದಿಂದಲೋ ಹೊಸನಗರದಿಂದಲೋ ಬಂದ ರೋಗಿಯನ್ನು ನೋಡುವಾಗ, ಈತ ಎಷ್ಟು ದೂರ ನಡೆದು ಎಷ್ಟು ಬಸ್ಸು ಬದಲಿಸಿ ಬಂದಿದ್ದಾನೆ, ಔಷಧ ಮುಗಿದ ಮೇಲೆ ಮತ್ತೆ ಬರಲು ಇವನಿಂದ ಆದೀತೇ ಎಂದು ಒಂದು ಗಳಿಗೆ ಯೋಚಿಸಿ ಚೀಟಿ ಬರೆದರೂ ಋಣದ ಒಂದು ಪಾಲು ಸಂದಂತೆ. ಉಳಿದ ಪಾಲನ್ನು ಸಲ್ಲಿಸಲು ಪ್ರತಿ ತಂಡದಿಂದ ಒಬ್ಬಿಬ್ಬರಾದರೂ ತಿರುಗಿ ಬರಬೇಕು. ಅವರು ಬಂದಾಗ ಸೋರದ ಮನೆ, ಸಕಾಲದ ಸಂಬಳ, ಕಲಿತದ್ದನ್ನು ಬಳಸಲು ಬೇಕಾದ ಸಲಕರಣೆ ಇವು ಸಿದ್ಧವಾಗಿರುವಂತೆ ನೋಡಿಕೊಳ್ಳುವುದು ಸರ್ಕಾರದ ಕರ್ತವ್ಯ. ಅವರನ್ನು ತಮ್ಮವರೆಂದು ಉಳಿಸಿಕೊಳ್ಳುವುದು ಊರಿನ ಕರ್ತವ್ಯ.